ನಿನಗಾಗಿ ಎತ್ತಿದ ಕೈ

ಮಾರ್ಚ್ ೯, ಬೆಳಿಗ್ಗೆ
ಅಂಗಡಿಯಿಂದ

ಪ್ರೀತಿಯ ಅಕ್ಕಾ,

ನೀನು ಕಳಿಸಿದ ಎರಡು ಬಸ್ ಟಿಕೆಟ್ ತಲುಪಿದವು, ಸೀಟು ಏಳು ಮತ್ತು ಎಂಟು. “ಈ ಸಲಾನೂ ಪಕ್ಕಪಕ್ಕ ಕಣೇ, ಆದ್ರೆ ನಿದ್ದೆ ಮಾಡಿದ್ರೆ ಚಿವುಟ್ತೀನಿ” ಅಂತ ಬೇರೆ ಬರೆದಿದ್ದೀಯ. ಅದನ್ನು ಓದಿದ ಗಳಿಗೆಯಲ್ಲಿ ಗಿರಾಕಿಯೊಬ್ಬರ ಪ್ಯಾಂಟನ್ನು ನಾಲ್ಕು ಇಂಚು ಹೆಚ್ಚಿಗೆ ಕತ್ತರಿಸಿಬಿಟ್ಟೆ. ಇನ್ನು ಅವರು ಚಡ್ಡಿಗೇ ತೃಪ್ತಿಪಡಬೇಕು.

ಹೊರಡುವ ಮೊದಲು ಒಂದು ವಿಷಯ ಹೇಳಬೇಕು. ಕೇಳಿದ ಮೇಲೆ ಎಂಟನೇ ಸೀಟಿನಲ್ಲಿ ಯಾರನ್ನು ಕೂರಿಸಿಕೊಳ್ಳುತ್ತೀಯೋ ನಿನ್ನ ಇಷ್ಟ.

ಆರು ವರ್ಷದ ಹಿಂದಿನ ಆ ಪರದೇಶದ ಬಸ್ಸು ನೆನಪಿದೆಯಲ್ಲ? ದಿನಗಟ್ಟಲೆ ಕಲ್ಲುಬಯಲು, ಮರವಿಲ್ಲ, ಊರಿಲ್ಲ. ಸೀಟಿನ ಬೆನ್ನು ಎತ್ತರವಾಗಿದ್ದರಿಂದ ಡ್ರೈವರಿಗೆ ತಲೆಗಳು ಕಾಣುತ್ತಿರಲಿಲ್ಲ. ಹೊರಡುವಾಗ ಹಾರ್ನ್ ಹೊಡೆಯುತ್ತಿದ್ದ. ಪಕ್ಕದವರು ಬಂದಿದ್ದರೆ ಜೋಡಿಗೊಬ್ಬರು ಕೈ ಎತ್ತಬೇಕು. “ಎಷ್ಟು ಒಳ್ಳೆ ಪದ್ಧತಿ ನೋಡೇ” ಅಂತ ಮೆಚ್ಚಿದವಳೂ ನೀನೇ.

ಹೆಡ್‌ಮಿಸ್ಟ್ರೆಸ್ ಕೆಲಸದಿಂದ ನೀನು ನಿವೃತ್ತಳಾಗಿದ್ದರೂ ನಿನ್ನ ಬಾಯಿಗೆ ನಿವೃತ್ತಿ ಸಿಕ್ಕಿರಲಿಲ್ಲ. ನಾನು ಕೂರುವ ರೀತಿ, ನನ್ನ ಅಂಗಡಿ, ಕೊನೆಗೆ ನನ್ನ ಮುರಿದ ಮದುವೆ. “ನೀನೂ ಸ್ವಲ್ಪ ಸಹಿಸ್ಕೋಬೇಕಿತ್ತು” ಅಂದುಬಿಟ್ಟೆ ನೀನು. ಆಮೇಲೆ ಆ ಒಂಟಿ ಚಹಾ ಅಂಗಡಿಯ ಹತ್ತಿರ ನೀನು ಇಳಿದು ಹೋದೆ. ಹಾರ್ನ್ ಆಯಿತು. ನಾನು ಕೈ ಎತ್ತಿದೆ.

ನಾನು ನಿದ್ದೆಯಲ್ಲಿರಲಿಲ್ಲ ಅಕ್ಕಾ. ನನಗೆ ಹತ್ತು ನಿಮಿಷ ಮೌನ ಬೇಕಿತ್ತು, ಅಷ್ಟೇ. ಆಮೇಲೆ ಹೇಳಿದರೆ ಬಸ್ಸು ತಿರುಗಿಸುತ್ತಾರೆ ಅಂದುಕೊಂಡೆ. ಹತ್ತು ನಿಮಿಷ ಕಳೆದಾಗ, ಇಷ್ಟು ಹೊತ್ತು ಯಾಕೆ ಸುಮ್ಮನಿದ್ದೆ ಅಂತ ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ ಹಿಡಿಯಿತು. ಒಂದು ಗಂಟೆಯ ಮೇಲೆ, ಆಗಷ್ಟೇ ಎಚ್ಚರವಾದವಳಂತೆ ಕಣ್ಣುಜ್ಜಿಕೊಂಡು ಕಿರುಚಿದೆ. ಆಗ ಡ್ರೈವರ್ ತಿರುಗಿಸಲು ಒಪ್ಪಲಿಲ್ಲ. ಮುಂದಿನ ಬಸ್ಸಿಗಾಗಿ ನೀನು ಅಲ್ಲಿ ಎರಡು ದಿನ ಕಾದೆ.

ನೆಂಟರು ಸೇರಿದಲ್ಲೆಲ್ಲ ನೀನು ಈ ಕಥೆ ಹೇಳಿ ನಗಿಸುತ್ತೀಯ. ಬಸ್ಸಿನ ಹಿಂದೆ ಓಡಿ ಬಿದ್ದು ಪಾದದ ಮೂಳೆ ಮುರಿದದ್ದನ್ನೂ ನಗುತ್ತಲೇ ಹೇಳುತ್ತೀಯ. “ಪಾಪ, ಮಗು ನಿದ್ದೆಗಣ್ಣಲ್ಲಿ ಕೈ ಎತ್ತಿಬಿಟ್ಟಿದೆ” ಅಂತ ನನ್ನ ಬೆನ್ನು ಸವರುತ್ತೀಯ. ಐವತ್ತೆರಡು ವರ್ಷದ ಮಗು! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನಿನ್ನ ಕಾಲು ನೋಡುತ್ತೇನೆ. ಮೆಟ್ಟಿಲು ಹತ್ತುವಾಗ ನೀನು ಗೋಡೆ ಹಿಡಿದುಕೊಂಡರೆ ನನಗೆ ಅನ್ನ ಇಳಿಯುವುದಿಲ್ಲ.

ಎರಡೂ ಟಿಕೆಟ್ ಇದೇ ಲಕೋಟೆಯಲ್ಲಿವೆ. ಎಂಟನೆಯದನ್ನು ನೀನು ವಾಪಸ್ ಕಳಿಸಿದರೆ ಬರುತ್ತೇನೆ. ದಾರಿಯುದ್ದಕ್ಕೂ ಬೈಯಿ, ಒಂದಕ್ಷರ ಬಿಡದೆ ಕೇಳುತ್ತೇನೆ.

ಇನ್ನೂ ನಿನ್ನವಳೇ ಎಂದುಕೊಂಡಿರುವ,
ತಂಗಿ

ತಾ.ಕ.: ಇದೊಂದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬಸ್ಸು ಹೊರಟಾಗ ಹಿಂದಿನ ಗಾಜಿನಲ್ಲಿ ನೀನು ಓಡಿ ಬರುವುದು ಕಂಡಿತ್ತು. ನಿನ್ನ ಕೈಯಲ್ಲಿ ನನ್ನ ಫ್ಲಾಸ್ಕ್ ಇತ್ತು. “ಕೆಮ್ತಾ ಇದ್ದೀಯ, ಬಿಸಿನೀರು ತರ್ತೀನಿ ಇರು” ಅಂತ ತಾನೇ ನೀನು ಇಳಿದದ್ದು? ನಾನು ಮುಂದಕ್ಕೆ ತಿರುಗಿ ಕೂತೆ.