ನನಗೆ ಮದುವೆ ಮಾಡಿಸಿದ ಕಚೇರಿಗೆ

ಭತ್ಯೆ ಮಂಜೂರು ಮಾಡುವ ಮಾನ್ಯರೇ,

ನನಗೆ ಮದುವೆಯಾಗಿರುವ ಸಂಗತಿ ಕಳೆದ ವಾರ ನಿಮ್ಮ ಪತ್ರದಿಂದ ತಿಳಿಯಿತು. ಹೋಬಾರ್ಟ್ ನಗರದ ಈ ಎರಡು ಕೋಣೆಯ ಮನೆಯಲ್ಲಿ ಬಾಡಿಗೆ ಹಂಚಿಕೊಂಡು ನನ್ನ ಜೊತೆಗಿರುವ ಸ್ನೇಹಿತ ಫರ್ಗಸ್ ನನಗೆ ಗಂಡನ ಸಮಾನನಂತೆ. ಆದ್ದರಿಂದ ಒಂಟಿಯಾಗಿರುವವರಿಗೆ ಸಿಗುವ ನನ್ನ ಭತ್ಯೆ ರದ್ದಂತೆ. ಪತ್ರ ಓದಿದ ಫರ್ಗಸ್ "ಮೊದ್ಲೇ ಹೇಳ್ಬಾರ್ದಿತ್ತೇನೇ ಮಾರಾಯ್ತಿ, ಒಂದು ಒಳ್ಳೆ ಶರ್ಟಾದ್ರೂ ಹಾಕ್ಕೋತಿದ್ದೆ" ಎಂದ. ಇಬ್ಬರೂ ನಕ್ಕೆವು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ನಮ್ಮ ದಾಂಪತ್ಯಕ್ಕೆ ನಿಮಗೆ ಸಿಕ್ಕ ಸಾಕ್ಷಿ ಬಚ್ಚಲುಮನೆಯ ಬಾಗಿಲು. ಅದಕ್ಕೆ ಚಿಲಕವಿಲ್ಲವೆಂದು ತಪಾಸಣೆಗೆ ಬಂದ ನಿಮ್ಮ ಅಧಿಕಾರಿಣಿ ಬರೆದುಕೊಂಡರು. ನಿಜ, ಬಿಚ್ಚಿದವನು ಫರ್ಗಸ್ಸೇ. ನನಗೆ ಫಿಟ್ಸ್ ಬರುತ್ತದೆ. ಹೋದ ಚಳಿಗಾಲದಲ್ಲಿ ಸ್ನಾನದ ತೊಟ್ಟಿಯಲ್ಲೇ ಬಂತು. ಅವನು ಬಾಗಿಲು ಒಡೆದು ಬಂದು ನನ್ನ ಮುಖವನ್ನು ನೀರಿನಿಂದ ಎತ್ತದಿದ್ದರೆ ಇಷ್ಟು ಹೊತ್ತಿಗೆ ನಿಮಗೊಂದು ಕಡತ ಕಡಿಮೆಯಾಗಿರುತ್ತಿತ್ತು. ಅಂದಿನಿಂದ ನಾನು ಸ್ನಾನಕ್ಕಿಳಿದರೆ ಅವನು ಹೊರಗಿನಿಂದ "ಇದೀಯೇನೇ?" ಎಂದು ಕೂಗುತ್ತಿರುತ್ತಾನೆ. "ಇದೀನೋ, ಪ್ರಾಣ ತಿನ್ಬೇಡ" ಎನ್ನುತ್ತೇನೆ.

ಅಧಿಕಾರಿಣಿ ಕೇಳಿದರು: "ಹುಷಾರಿಲ್ದಿದ್ರೆ ಯಾರಮ್ಮಾ ನೋಡ್ಕೊಳ್ಳೋರು?"

"ಫರ್ಗಸ್ಸೇ, ಮೇಡಂ."

"ಅಡುಗೆ?"

"ಸಾಸೇಜ್ ಅವನು ಸುಡ್ತಾನೆ, ಆಲೂಗಡ್ಡೆ ನಾನು ಬೇಯಿಸ್ತೀನಿ."

"ಮತ್ತಿನ್ನೇನಮ್ಮಾ, ಸಂಸಾರ ಅಂದ್ರೆ ಇದೇ ಅಲ್ವಾ?"

ಮನುಷ್ಯರನ್ನು ಮನುಷ್ಯರು ನೋಡಿಕೊಳ್ಳಲು ಉಂಗುರ ಬದಲಿಸಿಕೊಂಡಿರಲೇಬೇಕೆ, ಮಾನ್ಯರೇ? ಅವನ ಬದಲು ಹುಡುಗಿಯೊಬ್ಬಳನ್ನು ಜೊತೆಗಿಟ್ಟುಕೊಂಡರೂ ಅವಳನ್ನೂ ನನ್ನ ಬಾಳಸಂಗಾತಿಯೆಂದೇ ಎಣಿಸಿ ಇವೇ ಪ್ರಶ್ನೆ ಕೇಳುತ್ತೀರೆಂದು ವಿಚಾರಿಸಿ ತಿಳಿದೆ. ಮೇಲ್ಮನವಿ ಸಲ್ಲಿಸಲು ಬಂದಾಗ ನಿಮ್ಮ ಕೌಂಟರಿನಲ್ಲಿ ಸಿಕ್ಕ ಉತ್ತರ: "ಒಬ್ರೇ ಇದ್ದು ತೋರ್ಸಿ, ಆಮೇಲೆ ನೋಡೋಣ." ಬಿದ್ದು ಸಾಯದೆ ಒಬ್ಬಳೇ ಇರುವ ವಿಧಾನವನ್ನು ಯಾವ ಅರ್ಜಿಯಲ್ಲಿ ವಿವರಿಸಿದ್ದೀರಿ? ನಾನು ಹುಡುಕಿದೆ, ಸಿಗಲಿಲ್ಲ.

ನಿನ್ನೆ ಫರ್ಗಸ್ ಪೆಟ್ಟಿಗೆ ಕಟ್ಟಲು ಕೂತ. "ನಾನಿಲ್ಲಿದ್ದು ನಿನ್ನ ಹೊಟ್ಟೆ ಮೇಲೆ ಹೊಡೆದ ಹಾಗಾಯ್ತು ಕಣೇ" ಎಂದ. ಅವನ ಬೇಕರಿಯ ಸಂಬಳ ಅವನೊಬ್ಬನಿಗೇ ಸಾಲದು, ಇನ್ನು ನನ್ನನ್ನು ಹೇಗೆ ಸಾಕಿಯಾನು? ಹೋಗಬೇಡ ಎನ್ನುವ ಬದಲು ಅವನ ಶರ್ಟುಗಳನ್ನು ಮಡಚಿಕೊಟ್ಟೆ. ಹೆದರಿಕೆಯಾಗುತ್ತಿದೆ, ಬೇರೇನೂ ತೋಚುತ್ತಿಲ್ಲ.

ಶನಿವಾರ ಅವನು ಹೊರಡುತ್ತಾನೆ. ನಾನು ಒಂಟಿಯೇ ಎಂದು ಖಚಿತಪಡಿಸಿಕೊಳ್ಳಲು ನೀವು ಯಾರನ್ನಾದರೂ ಕಳಿಸಿಯೇ ಕಳಿಸುತ್ತೀರಿ. ನನ್ನ ಬೇಡಿಕೆ ಇಷ್ಟೇ: ಬಂದವರು ಬಾಗಿಲು ತಟ್ಟಲಿ. ನಾನು ತೆರೆಯದಿದ್ದರೆ "ಮನೆಯಲ್ಲಿಲ್ಲ" ಎಂದು ಬರೆದುಕೊಂಡು ಹೋಗದಿರಲಿ. ದಯವಿಟ್ಟು ಬಾಗಿಲು ಒಡೆಯಲಿ.

ಇಂತಿ,
ಶನಿವಾರದಿಂದ ಭತ್ಯೆಗೆ ಅರ್ಹಳಾಗಲಿರುವ
ಇಮೋಜೆನ್ ಹ್ಯಾರಪ್