ಬಾರದ ಕಮ್ಮರಡಿ

ಕೊಪ್ಪ
೧೮ ಫೆಬ್ರವರಿ ೨೦೦೮

ಪ್ರೀತಿಯ ತಮ್ಮ ರಾಜಶೇಖರನಿಗೆ,

ನಿನ್ನ ಬೆನ್ನುನೋವು ಹೇಗಿದೆ? ದಾವಣಗೆರೆಯಲ್ಲಿ ಆಗಲೇ ಬಿಸಿಲು ಶುರುವಾಗಿರಬೇಕು, ವನಮಾಲಾಗೆ ತಲೆನೋವು ಬಾರದಿರಲಿ. ಅಪ್ಪನ ಊಟ, ನಿದ್ದೆಗೆ ತೊಂದರೆಯಿಲ್ಲ. ಇಷ್ಟನ್ನು ನೀನು ಫೋನಿನಲ್ಲೂ ಕೇಳುತ್ತೀಯ. ಉಳಿದದ್ದನ್ನು ಹೇಳುವಷ್ಟರಲ್ಲಿ ನಿನ್ನ ಅಂಗಡಿಗೆ ಗಿರಾಕಿ ಬಂದುಬಿಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನ ಅಲ್ಜೈಮರ್ ಕಾಯಿಲೆಯನ್ನು ಗುಣಪಡಿಸುವ ಮದ್ದಿಲ್ಲ, ಆದರೆ ದಿನಾ ಮೈ ದಂಡಿಸಿದರೆ ಮೆದುಳು ಸೊರಗುವುದು ಸ್ವಲ್ಪ ನಿಧಾನವಾಗಬಹುದು ಎಂದು ಶಿವಮೊಗ್ಗದ ಡಾಕ್ಟರು ಹೇಳಿದಾಗ ನೀನೂ ಪಕ್ಕದಲ್ಲಿದ್ದೆ. ‘ಆಗಬಹುದು’ ಎಂದರು, ‘ಆಗುತ್ತದೆ’ ಎನ್ನಲಿಲ್ಲ. ನಡೆಸಿ ಎಂದರು. ನೀನು ಗೇಟಿಗೆ ಬೀಗ ಹಾಕಿಸಿ, ಇದ್ದಲ್ಲೇ ತುಳಿಯುವ ವ್ಯಾಯಾಮದ ಸೈಕಲ್ಲೊಂದನ್ನು ಲಾರಿಗೆ ಹಾಕಿ ಕಳಿಸಿದೆ. "ಶಾಂತವೀರಪ್ಪನೋರು ಬೀದಿ ಅಲೀತಾರೆ ಅಂತ ಜನ ಆಡ್ಕೋಬಾರ್ದು ಅಕ್ಕಾ" ಅಂದೆಯಲ್ಲ.

ಅಪ್ಪ ಅದನ್ನು ಹತ್ತುವುದನ್ನು ನೀನು ನೋಡಬೇಕಿತ್ತು. ವಿಭೂತಿ ಹಚ್ಚಿ, ಪಂಚೆ ಎತ್ತಿ ಕಟ್ಟಿ, ಹಿಂದೆ ಬಟ್ಟೆ ಗಂಟು ಇದೆಯೇ ಎಂದು ಕೈಯಾಡಿಸುತ್ತಾರೆ. ಸೀರೆ, ಟವೆಲು ಹೇರಿಕೊಂಡು ಕಮ್ಮರಡಿಯ ತನಕ ಸೈಕಲ್ ತುಳಿದು, ಮಾರಿ ಬಂದು ನಮ್ಮಿಬ್ಬರನ್ನೂ ಓದಿಸಿದ ಕಾಲುಗಳು. ಅವಕ್ಕೆ ಇನ್ನೂ ಎಲ್ಲ ನೆನಪಿದೆ. ಬೆವರಿಳಿಯುವ ತನಕ ತುಳಿಯುತ್ತಾರೆ. ಇಳಿದು ನೋಡಿದರೆ ಅದೇ ಜಗಲಿ, ಅದೇ ಕ್ಯಾಲೆಂಡರು. "ಎಂತದೇ ದಾಕ್ಷಿ, ಇಷ್ಟ್ ತುಳಿದ್ರೂ ಕಮ್ಮರಡಿ ಬರ್ಲಿಲ್ವಲ್ಲೇ? ನನ್ನ ಕಾಲೂ ಹೋಯ್ತಾ?" ಎಂದು ಒಂದು ದಿನ ಅತ್ತೇಬಿಟ್ಟರು. ಮರೆವಿಗಾಗಿ ಎಂದೂ ಅಳದವರು. ನಾನು ಓದಿದ ಕವಿತೆಗಳಲ್ಲಿ ಒಂದು ಸಾಲೂ ಆಗ ಕೆಲಸಕ್ಕೆ ಬರಲಿಲ್ಲ. ಮರುದಿನವೇ ಬೀಗ ತೆಗೆದೆ.

ಈಗ ಬೆಳಿಗ್ಗೆ ಟೈಲರ್ ಅಫ್ರೋಜ್ ತನ್ನ ಅಂಗಡಿ ತೆಗೆಯುವ ಮೊದಲು ಬರುತ್ತಾನೆ. "ಬನ್ನಿ ಯಜಮಾನ್ರೇ, ಗಿರಾಕಿ ಕಾಯ್ತಿದಾರೆ" ಅಂದರೆ ಸಾಕು, ಅಪ್ಪ ಚಪ್ಪಲಿ ಹುಡುಕುತ್ತಾರೆ. ಬಸ್ ಸ್ಟ್ಯಾಂಡಿಗೆ ನಡೆದು, ಕಮ್ಮರಡಿ ಬಸ್ಸು ಹೊರಡುವುದನ್ನು ನೋಡಿ, ಕಾಫಿ ಕುಡಿದು ವಾಪಸ್. ಕಾಯಿಲೆ ನಿಧಾನವಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಎಲ್ಲಿಗೋ ಹೋಗಿ ಬಂದ ಮನುಷ್ಯನ ಹಾಗೆ ಊಟಕ್ಕೆ ಕೂರುತ್ತಾರೆ. ಜನ ಆಡಿಕೊಳ್ಳುತ್ತಾರೆ, ನಿಜ. ಆಡಿಕೊಳ್ಳುವುದು ಅಪ್ಪನನ್ನಲ್ಲ.

ವನಮಾಲಾಗೂ ಮಕ್ಕಳಿಗೂ ಶಿವ ಒಳ್ಳೆಯದು ಮಾಡಲಿ. ನಿನ್ನ ಬೆನ್ನಿಗೂ.

ನಿನ್ನ ಅಕ್ಕ,
ದಾಕ್ಷಾಯಿಣಿ

ಮರೆತಿದ್ದೆ: ಶಿವರಾತ್ರಿಗೆ ಬಂದಾಗ ಮತ್ತೆ ಬೀಗ ಹಾಕಬೇಡ, ಅಫ್ರೋಜನಿಗೆ ಬರಬೇಡ ಅನ್ನಲೂಬೇಡ. ನಿನ್ನ ಹೆಸರು ಅಪ್ಪನಿಗೆ ಮರೆತಿಲ್ಲ, ಗಾಬರಿಯಾಗಬೇಡ. ದಿನಾ ಬೆಳಿಗ್ಗೆ ಗೇಟಿನ ಬಳಿ ನಿಂತು "ರಾಜಶೇಖರಾ" ಎಂದು ಗಟ್ಟಿಯಾಗಿ ಕರೆಯುತ್ತಾರೆ. ಅಫ್ರೋಜ್ ಓಗೊಡುತ್ತಾನೆ.