ಸೋಫಾ ಬೇಡ, ಎರಡು ವೀಸಾ ಸಾಕು

ಹಾಗಾದ್ರೆ ಸೋಫಾಗೂ ವೀಸಾಗೂ ಯಾವ ಸಂಬಂಧವೂ ಇಲ್ಲ ಅಂತ ಆಯ್ತಲ್ಲ, ಮಾನ್ಯ ವೀಸಾ ಅಧಿಕಾರಿಗಳೇ? ಈ ಒಂದು ಮಾತನ್ನ ನಿಮ್ಮ ಅರ್ಜಿ ಕೇಂದ್ರದ ಬಾಗಿಲಲ್ಲೇ ಬರ್ದು ಹಾಕಿದ್ರೆ, ನಮ್ಮ ಚಿಕ್ಕಮ್ಮ ಅವತ್ತು "ನೀನೊಬ್ಬನೇ ಹೋಗ್ಬಾ ಮರಿ, ನಾನು ಟೀವೀಲಿ ನೋಡ್ಕೋತೀನಿ" ಅಂತಿರ್ಲಿಲ್ಲ. ನನ್ನ ದೂರು ಇಷ್ಟೇ. ಕಟ್ಟಲೇಬೇಕಾದ ಶುಲ್ಕ ಯಾವ್ದು, ಇಷ್ಟ ಇದ್ರೆ ಕಟ್ಟೋದು ಯಾವ್ದು, ಎರಡನ್ನೂ ನಿಮ್ಮೋರು ಒಂದೇ ಪಟ್ಟೀಲಿ ಹಾಕಿ, ಒಂದೇ ಗಂಭೀರ ಮುಖದಲ್ಲಿ ಓದಿ ಹೇಳ್ತಾರೆ. ಕೇಳಿಸ್ಕೊಳ್ಳೋರಿಗೆ ಎಲ್ಲವೂ ಕಾನೂನೇ ಅನ್ಸುತ್ತೆ.

ನಾವ್ಯಾರು ಅಂತ ಹೇಳ್ಬಿಡ್ತೀನಿ. ನಮ್ಮ ದೇಶದ ಫುಟ್‌ಬಾಲ್ ತಂಡದ ಗೋಲ್‌ಕೀಪರ್‌ಗೆ ನಾವಿಟ್ಟಿರೋ ಹೆಸರು ಚಿಲಕ. ಅವಳು ನಿಂತಳು ಅಂದ್ರೆ ಬಾಗಿಲು ಹಾಕಿತು ಅಂತಾನೇ ಲೆಕ್ಕ. ಇದು ಅವಳ ಕೊನೇ ಟೂರ್ನಿ. ಸೆಮಿಫೈನಲ್ ನಿಮ್ಮ ದೇಶದಲ್ಲಿ, ಅದೂ ನಿಮ್ಮ ದೇಶದ ತಂಡದ ಮೇಲೇ. ನಮ್ಮ ಚಿಕ್ಕಮ್ಮ ಶಾಲೆ ವ್ಯಾನ್ ಓಡಿಸ್ತಾರೆ. ಚಿಲಕ ಆಡಿದ ಮೊದಲನೇ ಮ್ಯಾಚಿಗೆ, ಮಕ್ಕಳನ್ನೆಲ್ಲ ಮನೆ ಸೇರ್ಸಿ, ಖಾಲಿ ವ್ಯಾನಲ್ಲಿ ನನ್ನನ್ನ ಕೂರಿಸ್ಕೊಂಡು ಹೋದೋರು ಅವರು. ಕೊನೇ ಮ್ಯಾಚಿಗೆ ಅವರನ್ನ ಬಿಟ್ಟು ನಾನು ಹೇಗೆ ಹೋಗ್ಲಿ? ಇಬ್ಬರ ಕೈಲಿರೋ ದುಡ್ಡು ಸೇರಿಸಿದ್ರೆ ಇಬ್ಬರ ಪ್ರಯಾಣಕ್ಕೆ ಸರಿಹೋಗುತ್ತೆ. ನಿಮ್ಮ ಸೋಫಾ ಖರ್ಚು ನಡುವೆ ಬಂದು ಕೂತ್ರೆ ಒಬ್ಬರು ಎದ್ದು ಹೋಗ್ಬೇಕು.

ಖರ್ಚಿನ ಹಗ್ಗಜಗ್ಗಾಟ ಮೊದಲು ಶುರುವಾಗಿದ್ದು ಟ್ರಾವೆಲ್ಸ್ ಅಂಗಡೀಲಿ. "ವಿಮಾನದ ಟಿಕೆಟ್ ಕೊಳ್ಳದೆ ವೀಸಾ ಕೊಡೋದೇ ಇಲ್ಲ" ಅಂದ್ರು ಅಲ್ಲಿನ ಅಣ್ಣ. ನಾನು ಚಿಲಕ ಬಳಗದ, ಅಂದ್ರೆ ನಮ್ಮ ಅಭಿಮಾನಿಗಳ, ವಾಟ್ಸಾಪ್ ಗ್ರೂಪಲ್ಲಿ ಕೇಳ್ದೆ. ಗ್ರೂಪಲ್ಲಿರೋ ಔಷಧಿ ಅಂಗಡಿ ಅಕ್ಕ ನಿಮ್ಮದೇ ವೆಬ್‌ಸೈಟಿನ ಸ್ಕ್ರೀನ್‌ಶಾಟ್ ಹಾಕಿದ್ರು: ವೀಸಾ ಕೈಗೆ ಬರೋ ತನಕ ಟಿಕೆಟ್ ಕೊಳ್ಳಬೇಡಿ, ಹೋಗಿಬರುವ ದಿನಾಂಕ ತಿಳಿಸಿದರೆ ಸಾಕು. ಎಂಥಾ ಒಳ್ಳೇ ಮಾತು ಹೇಳಿದ್ದೀರಿ ಸ್ವಾಮಿ. ಅದನ್ನ ಪುಟದ ತಳದಲ್ಲಿ, ಇರುವೆ ಕಾಲಿನಷ್ಟು ಅಕ್ಷರದಲ್ಲಿ ಹೇಳಿದ್ದೀರಿ. ಸತ್ಯ ಹೇಳೋದಕ್ಕೆ ಇಷ್ಟೊಂದು ನಾಚಿಕೆ ಯಾಕೆ?

ಆಮೇಲೆ ನಿಮ್ಮ ಕೇಂದ್ರ. ಎಡಗಡೆ ಗಾಜಿನ ಕೋಣೆ, ಒಳಗೆ ಸೋಫಾ, ಕಾಫಿ ಮಶೀನು. ಬಲಗಡೆ ಕಬ್ಬಿಣದ ಕುರ್ಚಿ ಸಾಲು. ಕೌಂಟರಿನ ಹುಡುಗಿ ಪಟ್ಟಿ ಓದಿದಳು: ವೀಸಾ ಶುಲ್ಕ, ಲೌಂಜ್ ಅನ್ನೋ ಆ ಸೋಫಾ ಕೋಣೆ, ಎಸ್ಸೆಮ್ಮೆಸ್, ಇಲ್ಲೇ ತೆಗೆಯೋ ಫೋಟೋ, ಫಾರಂ ತುಂಬೋ ಸಹಾಯ. ನಡುವೆ ಉಸಿರೂ ಬಿಡ್ಲಿಲ್ಲ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗಾಯ್ತು ಮೊತ್ತ. ಚಿಕ್ಕಮ್ಮನ ಮುಖ ಸಣ್ಣದಾಯ್ತು. ಟೀವಿ ಮಾತು ಬಂದಿದ್ದು ಆಗಲೇ. ನಾನು ಗ್ರೂಪಿನ ಪಾಠ ನೆನಪು ಮಾಡ್ಕೊಂಡು, "ಇದ್ರಲ್ಲಿ ಯಾವ್ದು ಬಿಟ್ರೂ ನಡೆಯುತ್ತೆ?" ಅಂದೆ.

"ಮೊದಲನೇದು ಬಿಟ್ಟು ಎಲ್ಲಾನೂ" ಅಂದಳು.

ಚಿಕ್ಕಮ್ಮ ಮುಂದಕ್ಕೆ ಬಾಗಿದ್ರು. "ಸೋಫಾ ಮೇಲೆ ಕೂತೋರಿಗೆ ವೀಸಾ ಬೇಗ ಬರುತ್ತೇನಮ್ಮ?"

"ಇಲ್ಲ ಆಂಟಿ. ಬೆನ್ನುನೋವು ಬರಲ್ಲ, ಅಷ್ಟೇ."

"ನಂದು ವ್ಯಾನ್ ಸೀಟಲ್ಲೇ ಸವೆದ ಬೆನ್ನು. ನಿಮ್ಮ ಕುರ್ಚಿ ಅದಕ್ಕೇನು ಮಾಡುತ್ತೆ? ಎರಡು ವೀಸಾ ಬರ್ಕೋ."

ನೋಡಿ, ಬಾಯಿದ್ದವನು ಬರಗಾಲದಲ್ಲೂ ಬದುಕ್ತಾನೆ. ಆದ್ರೆ ಬಾಯಿ ಬಿಡೋಕೆ ಹೆದರೋರ ಗತಿ? ನಮ್ಮ ಪಕ್ಕದ ಕುರ್ಚೀಲಿದ್ದ ತಾತ ಜೇಬಲ್ಲಿ ಒಳ್ಳೇ ಫೋಟೋ ಇಟ್ಕೊಂಡೇ ಇನ್ನೊಂದ್ಸಲ ಫೋಟೋಗೆ ದುಡ್ಡು ಕಟ್ಟಿ ಬಂದಿದ್ರು. "ಕೇಳಿದ್ರೆ ವೀಸಾ ಕೊಡದೇ ಹೋದ್ರೆ ಅಂತ ಸುಮ್ಮನಾದೆ" ಅಂದ್ರು. ನಿಮ್ಮ ಪಟ್ಟಿ ಬದುಕ್ತಿರೋದು ಈ ಭಯದ ಮೇಲೆ.

ಇಷ್ಟೆಲ್ಲ ಗೆದ್ದೋರು ಪುಕ್ಕಟೆ ಪ್ರಶ್ನೇಲಿ ಸಿಕ್ಕಿಬಿದ್ವಿ. ವಾಪಸ್ ಬರೋ ದಿನಾಂಕ ಇಬ್ಬರ ಫಾರಮ್ಮಲ್ಲೂ ಖಾಲಿ. ಚಿಲಕ ಬಳಗದಲ್ಲಿ ವಾಪಸ್ ಬರೋ ದಿನದ ಸುದ್ದಿ ಯಾರೂ ಎತ್ತಲ್ಲ, ಎತ್ತಿದ್ರೆ ತಂಡ ಸೋಲುತ್ತೆ ಅಂತ ನಂಬಿಕೆ. ಹಿಂದೊಂದ್ಸಲ ವಾಪಸ್ ದಿನ ಮುಂಚೇನೇ ಹೇಳಿ ತಂಡ ಸೋತಿದ್ದಕ್ಕೆ ಒಬ್ಬರನ್ನ ಇವತ್ತಿಗೂ ಶನಿ ಅಂತಾನೇ ಕರೀತೀವಿ.

"ಗೆದ್ರೆ ಒಂದು ದಿನ, ಸೋತ್ರೆ ಇನ್ನೊಂದು ದಿನ" ಅಂದೆ.

"ಹಾಗಾದ್ರೆ ನಾನೇನು ಬರೀಲಿ, ಡ್ರಾ ಅಂತಾನಾ?" ಅಂದಳು ಕೌಂಟರಿನ ಹುಡುಗಿ.

"ಸೆಮಿಫೈನಲಲ್ಲಿ ಡ್ರಾ ಆಗಲ್ಲಮ್ಮ" ಅಂದ್ರು ಚಿಕ್ಕಮ್ಮ, ಪಾಪ, ತಿಳಿಸಿಕೊಡೋ ಧ್ವನೀಲಿ.

ಹುಡುಗಿಗೆ ನಗು ತಡೆಯೋಕಾಗ್ಲಿಲ್ಲ. ಸ್ವಲ್ಪ ಮೆಲ್ಲಗೆ ಹೇಳಿದಳು, "ಹೇಳಿದ ದಿನಕ್ಕಿಂತ ಬೇಗ ಬಂದ್ರೆ ಯಾರೂ ಏನೂ ಅನ್ನಲ್ಲ ಆಂಟಿ. ಲೇಟಾದ್ರೇನೇ ಕಷ್ಟ." ಫಾರಂ ತುಂಬೋ ಸಹಾಯಕ್ಕೆ ದುಡ್ಡು ಕೇಳಿದ್ದೋಳೇ ಬಿಟ್ಟಿಯಾಗಿ ಹೇಳಿದ ಮಾತು ಇದು. ಅವಳಿಗೆ ಬೈಬೇಡಿ, ಸಂಬಳ ಜಾಸ್ತಿ ಮಾಡಿ.

ಚಿಕ್ಕಮ್ಮ ಪೆನ್ನು ತಗೊಂಡು ಫೈನಲ್ ಆದ ಮಾರನೇ ದಿನ ಬರೆದ್ರು. ನಾನೂ ಬರೆದೆ. ಹೊರಗೆ ಬಂದ ಖುಷೀಲಿ ಗ್ರೂಪಿಗೂ ಹಾಕ್ದೆ. ಸುಮ್ಮನಿರಲಾರದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇ. ದಿನಾಂಕ ಹೇಳ್ಬಿಟ್ಟೆ ಅಂತ ಬಳಗ ಉರಿದುಬಿತ್ತು. ಆಗ್ಲೇ ಔಷಧಿ ಅಂಗಡಿ ಅಕ್ಕ ಒಂದು ಸಾಲು ಹಾಕಿದ್ರು: "ನೀವು ಫೈನಲ್ ನೋಡ್ತೀರಿ ಅಂದ್ರೆ ಅವರ ತಂಡ ಸೆಮೀಲಿ ಸೋಲುತ್ತೆ ಅಂತ. ಅದನ್ನ ಬರ್ದು ಅವರ ಕೈಗೇ ಕೊಟ್ಟು ಬಂದ್ರಾ?"

ಕೊಟ್ಟು ಬಂದಿದ್ದೀವಿ. ಅರ್ಜಿ ಈಗ ನಿಮ್ಮ ಮೇಜಿನ ಮೇಲಿದೆ. ಚಿಕ್ಕಮ್ಮ ರಜೆ ದಿನಗಳಿಗೆ ಬೇರೆ ಡ್ರೈವರ್‌ನ ಒಪ್ಪಿಸಿ ಆಗಿದೆ, ದಿನಾ ವ್ಯಾನ್ ನಿಲ್ಲಿಸಿದ ಕಡೆಯೆಲ್ಲ ನನಗೆ ಫೋನ್ ಮಾಡಿ "ಬಂತಾ?" ಅಂತಾರೆ. ಹಾಗಾಗಿ ಬೇಡಿಕೆ ಎರಡು. ಕೇಂದ್ರದ ಬಾಗಿಲಲ್ಲಿ ದಪ್ಪ ಅಕ್ಷರದ ಬೋರ್ಡ್ ಹಾಕ್ಸಿ: ಇದು ಕಡ್ಡಾಯ, ಉಳಿದದ್ದು ನಿಮ್ಮಿಷ್ಟ, ಬೇಡ ಅಂದ್ರೆ ವೀಸಾಗೆ ತೊಂದರೆ ಇಲ್ಲ. ಇನ್ನೊಂದು, ನಮ್ಮ ಅರ್ಜಿ ನೋಡುವಾಗ ಫುಟ್‌ಬಾಲನ್ನ ಸ್ವಲ್ಪ ಹೊತ್ತು ಮರೀರಿ.

ಇಂತಿ,
ಬೆನ್ನು ನೋಯ್ತಿದ್ರೂ ನಗ್ತಾ ಕಾಯ್ತಿರೋ
ಚಿಲಕ ಬಳಗದ ಹೊಸ ಶನಿ

ಮರೆತಿದ್ದೆ, ಒಂದೇ ಪ್ರಶ್ನೆ. ನಿಮ್ಮ ತಂಡ ನಮ್ಮೂರಿಗೆ ಸೆಮಿಫೈನಲ್ ಆಡೋಕೆ ಬಂದಿದ್ರೆ, ವಾಪಸ್ ಬರೋ ದಿನಾಂಕ ಅನ್ನೋ ಜಾಗದಲ್ಲಿ ನೀವು ಯಾವ ದಿನ ಬರೀತಿದ್ರಿ, ಎದೆ ಮುಟ್ಕೊಂಡು ಹೇಳ್ತೀರಾ?